ಪಾನ್ ಡುರಂಗ್

ಬಾಡಿಗೆ ಮನೆಯ ಬಾಗಿಲಿಗೆ ಹಿತ್ತಾಳೆಯ ನಾಮಫಲಕ ಹಾಕಿಸುವ ಮನುಷ್ಯನ ತಲೆಯಲ್ಲಿ ಏನಿರುತ್ತದೆ ಎಂಬುದನ್ನು ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ. ಗ್ರೀನ್‌ಫರ್ಡ್‌ನ ಪಾಂಡುರಂಗನ ತಲೆಯಲ್ಲಿ ಇದ್ದದ್ದು ಅವನ ತಾಯಿ. ಎಂಬತ್ತೆರಡು ವರ್ಷದ ಕಾಶವ್ವ ವಿಜಯಪುರದಿಂದ ಮೊದಲ ಸಲ ಲಂಡನ್ನಿಗೆ ಬರುವವಳಿದ್ದಳು. ಬಂದ ಕೂಡಲೇ ಮಗನ ಹೆಸರು ಬಾಗಿಲ ಮೇಲೆ ಹೊಳೆಯುವುದು ಅವಳ ಕಣ್ಣಿಗೆ ಬೀಳಬೇಕಿತ್ತು. ಬಾಗಿಲೂ ಅದರ ಹಿಂದಿನ ಎರಡು ಕೋಣೆಗಳೂ ಇನ್ನೊಬ್ಬರವು ಎಂಬುದು ಹಿತ್ತಾಳೆಗೆ ಸಂಬಂಧಪಟ್ಟ ವಿಷಯವಲ್ಲ.

ಸ್ಟೇಷನ್ನಿನ ಬಳಿ ಬೀಗದ ಕೈ ಮಾಡಿಕೊಡುವ, ಬೂಟು ಹೊಲಿಯುವ, ಫಲಕ ಕೆತ್ತುವ ಒಂದು ಸಣ್ಣ ಅಂಗಡಿ. ಅಂಗಡಿಯವನು ಪೋಲೆಂಡಿನವನು.

“ಹೆಸರು?”

“ಪಾಂಡುರಂಗ್.”

ಅವನು ತಲೆಯೆತ್ತಿ ಪಾಂಡುರಂಗನನ್ನು ಗೌರವದಿಂದ ನೋಡಿ ಚೀಟಿಯ ಮೇಲೆ ಬರೆದುಕೊಂಡ. ವಾರದ ನಂತರ ಫಲಕ ಬಂತು. ಮೊದಲು ‘ಪಾನ್’. ಆಮೇಲೆ ಒಂದು ಬೆರಳಿನಷ್ಟು ಜಾಗ. ಆಮೇಲೆ ‘ಡುರಂಗ್’.

ಪಾಂಡುರಂಗನ ಹೆಂಡತಿ ಸುವರ್ಣಾ ಒಂಬತ್ತು ವರ್ಷಗಳಿಂದ ಜಿಪಿ ಡಾಕ್ಟರೊಬ್ಬರ ದವಾಖಾನೆಯ ಕೌಂಟರಿನಲ್ಲಿ ಕೂತು ಜನರಿಗೆ ಇವತ್ತು ಆಗುವುದಿಲ್ಲ ಎಂದು ಹೇಳುವ ಕೆಲಸ ಮಾಡುತ್ತಿದ್ದವಳು. ಅವಳ ದನಿ ಅದಕ್ಕೆ ತಕ್ಕ ಹಾಗೆ ಪಳಗಿತ್ತು.

“ಏನ್ರೀ ಇದು? ಪಾನ್ ಅಂಗಡಿ ಇಡಾವ್ರ ಇದ್ದೀರೇನು?”

ಪಾಂಡುರಂಗ ಫಲಕವನ್ನು ವಾಪಸು ಒಯ್ದ. ಅಂಗಡಿಯವನಿಗೆ ಆಶ್ಚರ್ಯವಾಯಿತು.

“ನಮ್ಮ ಭಾಷೆಯಲ್ಲಿ ಪಾನ್ ಅಂದರೆ ಶ್ರೀಯುತ. ನೀವು ಪಾನ್ ಡುರಂಗ್ ಅಂದಿರಿ, ನಾನು ಪಾನ್ ಡುರಂಗ್ ಅಂತ ಬರೆದೆ. ಇಂಗ್ಲಿಷರು ಯಾರೂ ಹೀಗೆ ತಮ್ಮ ಹೆಸರನ್ನು ತಾವೇ ಮರ್ಯಾದೆಯಿಂದ ಹೇಳುವುದಿಲ್ಲ. ನನಗೆ ಬಹಳ ಇಷ್ಟವಾಯಿತು.”

ಹದಿನಾಲ್ಕು ವರ್ಷ ಗ್ರೀನ್‌ಫರ್ಡ್‌ನಲ್ಲಿದ್ದ ಪಾಂಡುರಂಗನನ್ನು ಯಾರೂ ಶ್ರೀಯುತ ಎಂದು ಕರೆದಿರಲಿಲ್ಲ. ಗೋದಾಮಿನಲ್ಲಿ ಅವನ ಹೆಸರು ‘ಪ್ಯಾಂಡಾ’. ಅವನು ಫಲಕವನ್ನು ಮನೆಗೆ ತಂದು ನಾಲ್ಕು ಮೊಳೆ ಹೊಡೆದ.

ಅವರ ಬೀದಿಯ ಅರ್ಧ ಮನೆಗಳು ಪೋಲಿಷರವು. ಕಸದ ಡಬ್ಬಿಯ ವಿಷಯಕ್ಕೆ ಆರು ವರ್ಷಗಳಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯವನು ಮಾರನೇ ದಿನವೇ ಟೋಪಿ ಎತ್ತಿದ. ಪೋಲಿಷ್ ಕಿರಾಣಿ ಅಂಗಡಿಯ ಹೆಂಗಸು ಉಪ್ಪಿನ ಸೌತೆಕಾಯಿಯನ್ನು ಡಬ್ಬಿಯ ಮೇಲಿನಿಂದಲ್ಲ, ಚೆನ್ನಾಗಿ ಉಪ್ಪು ಹೀರಿದ್ದನ್ನು ತಳದಿಂದ ಆರಿಸಿ ಕೊಡತೊಡಗಿದಳು. ಮರ್ಯಾದೆ ಎಂಬುದು ಒಂದು ಬೆರಳಿನಷ್ಟು ಜಾಗದಲ್ಲಿ ಹಿಡಿಸುತ್ತದೆ ಎಂದು ಪಾಂಡುರಂಗನಿಗೆ ಆಗ ತಿಳಿಯಿತು.

ಮೇ ಕೊನೆಗೆ ಕಾಶವ್ವ ಬಂದಳು. ಫಲಕ ನೋಡಿದಳು. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. “ಛಂದ ಹೊಳೀತೈತಿ” ಎಂದಳು. ಆಮೇಲೆ ಕೇಳಿದಳು, “ಇಟ್ಲಿ ಇಲ್ಲಿಂದ ಎಷ್ಟ್ ದೂರ?”

ಕಾಶವ್ವನಿಗೆ ಲಂಡನ್ ನೋಡುವ ಆಸೆ ಇರಲಿಲ್ಲ. ಅವಳಿಗೆ ಬೇಕಾದದ್ದು ಒಂದು ತಾರೀಖು ಮತ್ತು ಒಂದು ಊರಿನ ಹೆಸರು. ಅವಳು ಹೊಟ್ಟೆಯಲ್ಲಿದ್ದಾಗ ಅವಳ ಅಪ್ಪ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದ. ಪಲ್ಟನ್ ಅವನನ್ನು ಹಡಗಿನಲ್ಲಿ ಇಟಲಿಯ ಯುದ್ಧಕ್ಕೆ ಕಳಿಸಿತು. ನಲವತ್ತನಾಲ್ಕರ ಮಳೆಗಾಲದಲ್ಲಿ ತಂತಿ ಬಂತು: ಕಾಣೆಯಾಗಿದ್ದಾನೆ. ಊರಿನ ಹಿರಿಯರು ಕೂತು ವಿಚಾರ ಮಾಡಿ, ಕಾಣೆ ಎಂದರೆ ಸತ್ತಂತೆಯೇ ಎಂದು ತೀರ್ಮಾನಿಸಿದರು. ಯಾವ ದಿನ, ಯಾವ ಊರು ಎಂದು ತಂತಿಯಲ್ಲಿ ಇರಲಿಲ್ಲ. ಆದ್ದರಿಂದ ಅವನ ಶ್ರಾದ್ಧವನ್ನು ತಿಥಿ ಗೊತ್ತಿಲ್ಲದ ಎಲ್ಲ ಸತ್ತವರ ಜೊತೆಗೆ ಮಹಾಲಯ ಅಮಾವಾಸ್ಯೆಗೆ ಮಾಡುತ್ತ ಬಂದರು. ಕಾಶವ್ವನಿಗೆ ಇದು ಎಂಬತ್ತು ವರ್ಷದ ಅವಮಾನ.

“ಎಲ್ಲಾರಿಗೂ ಒಂದೊಂದು ದಿನ ಐತಿ. ನಮ್ಮಪ್ಪಗಷ್ಟ ಸಾಮೂಹಿಕ” ಎನ್ನುತ್ತಿದ್ದಳು.

ಪಾಂಡುರಂಗ ಫೋನಿನಲ್ಲಿ ಕೊಚ್ಚಿಕೊಂಡಿದ್ದ. ‘ಬಾ ಅವ್ವಾ, ಆ ಯುದ್ಧದ ಕಾಗದೆಲ್ಲಾ ಇಲ್ಲೇ ಲಂಡನ್ನಾಗ ಅದಾವ, ನಾ ತಗಸ್ತೀನಿ.’ ತೆಗೆಸಲು ಅವನು ಮಾಡಿದ್ದು ಒಂದೇ ಕೆಲಸ. ದಾಖಲೆ ಕಚೇರಿಯೊಂದಕ್ಕೆ ಅರ್ಜಿ ಬರೆದ. ಸೈನಿಕನ ಸಂಖ್ಯೆ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ ತನ್ನ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಬರೆದ. ಎರಡು ತಿಂಗಳ ನಂತರ, ಈ ಸಂಖ್ಯೆಯ ಮನುಷ್ಯ ಜೀವಂತವಾಗಿ ಗ್ರೀನ್‌ಫರ್ಡ್‌ನಲ್ಲಿರುವಂತೆ ತೋರುತ್ತದೆ, ಅಭಿನಂದನೆಗಳು ಎಂದು ಉತ್ತರ ಬಂತು. ಕಾಶವ್ವನ ವೀಸಾ ಆರು ತಿಂಗಳದ್ದು. ನವೆಂಬರ್ ಹದಿನಾಲ್ಕಕ್ಕೆ ವಾಪಸಿನ ವಿಮಾನ. ಸೆಪ್ಟೆಂಬರ್ ಬಂದರೂ ತಾರೀಖೂ ಇಲ್ಲ, ಊರೂ ಇಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಕಾಶವ್ವ ಒಬ್ಬಳೇ ಇದ್ದಾಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಎಂಬತ್ತರ ಹತ್ತಿರದ ಎತ್ತರದ ಮುದುಕ. ಟೈ, ಕೋಟು, ಕಂಕುಳಲ್ಲಿ ಫೈಲು. ಅವನು ಬಾಗಿ ವಂದಿಸಿ ಕೇಳಿದ:

“ಪಾನಿ ಡುರಂಗ್?”

ಪೋಲಿಷಿನಲ್ಲಿ ಪಾನಿ ಎಂದರೆ ಶ್ರೀಮತಿ. ವಿಜಯಪುರದಲ್ಲಿ ಪಾನಿ ಎಂದರೆ ಏನೆಂದು ಮಸೀದಿ ಓಣಿಯ ಪಕ್ಕದಲ್ಲಿ ಬೆಳೆದ ಕಾಶವ್ವನಿಗೆ ಹೇಳಿಕೊಡಬೇಕಿರಲಿಲ್ಲ. ಬಿಸಿಲಲ್ಲಿ ಬಂದ ಮುದುಕ ಬಾಯಿಬಿಟ್ಟು ನೀರು ಕೇಳುತ್ತಿದ್ದಾನೆ. ಅವಳು ತುಂಬಿದ ಲೋಟ ತಂದುಕೊಟ್ಟಳು. ಅವನು ಮರ್ಯಾದೆಗೆ ಕುಡಿದು ಲೋಟ ಮರಳಿಸಿ, ಎದೆಯ ಮೇಲೆ ಕೈಯಿಟ್ಟು, ಇನ್ನೂ ಸ್ಪಷ್ಟವಾಗಿ ಕೇಳಿದ.

“ಪಾನಿ… ಡುರಂಗ್?”

“ಭಾಳ ನೀರಡಿಸಿದ್ದಿ ನೋಡಪಾ” ಎಂದು ಅವಳು ಎರಡನೆಯ ಲೋಟ ತಂದಳು.

ಮೇಲಿನ ಫ್ಲ್ಯಾಟಿನ ಸಿರಿಶಾ ಇಂಗು ಕೇಳಲು ಕೆಳಗಿಳಿದಾಗ ಮುದುಕ ನಾಲ್ಕನೆಯ ಲೋಟ ಹಿಡಿದು ನಿಂತಿದ್ದ. ಅವನ ಮುಖ ಬೆವೆತಿತ್ತು. ಸಿರಿಶಾ ಬೆಂಗಳೂರಿನವಳು, ಪ್ರಾಜೆಕ್ಟ್ ಮ್ಯಾನೇಜರು. ಎಲ್ಲಿ ಇಬ್ಬರು ಒಬ್ಬರಿಗೊಬ್ಬರು ಅರ್ಥವಾಗದೆ ನಿಂತಿರುತ್ತಾರೋ ಅಲ್ಲಿ ನಡುವೆ ನಿಂತು ಇಬ್ಬರಿಗೂ ಅರ್ಥವಾಯಿತು ಎಂದು ನಂಬಿಸುವುದು ಅವಳ ವೃತ್ತಿ.

“ಆಂಟಿ, ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ, ಡೋಂಟ್ ವರಿ” ಎಂದಳು.

ಮುದುಕನ ಹೆಸರು ಜೆನೋನ್. ಯುದ್ಧ ಮುಗಿದ ಮೇಲೆ ಮನೆಗೆ ಹೋಗಲಾರದ ಪೋಲಿಷ್ ಸೈನಿಕರನ್ನು ಇಂಗ್ಲೆಂಡಿನಲ್ಲಿ ಶಿಬಿರಗಳಲ್ಲಿ ಇಟ್ಟಿದ್ದರಲ್ಲ, ಅಂಥ ಒಂದು ಶಿಬಿರದಲ್ಲಿ ಹುಟ್ಟಿದವನು. ಈಗ ಇಲ್ಲಿನ ಪೋಲಿಷ್ ಕ್ಲಬ್ಬಿನ ಇತಿಹಾಸಕಾರ. ಬೀದಿಯಲ್ಲಿ ಹೋಗುತ್ತ ಫಲಕ ನೋಡಿದ್ದ. ನೋಡಿ ಮೂರು ರಾತ್ರಿ ನಿದ್ದೆ ಬಂದಿರಲಿಲ್ಲ.

“ನಮ್ಮ ರಾಷ್ಟ್ರಗೀತೆ ಹುಟ್ಟಿದ್ದು ಪೋಲೆಂಡಿನಲ್ಲಲ್ಲ” ಎಂದು ಜೆನೋನ್ ಫೈಲು ಬಿಚ್ಚಿದ. “ಇಟಲಿಯಲ್ಲಿ. 1797ರಲ್ಲಿ. ಆಗ ಪೋಲೆಂಡ್ ಇರಲೇ ಇಲ್ಲ. ಅಕ್ಕಪಕ್ಕದ ಮೂರು ದೊರೆಗಳು ಹಂಚಿಕೊಂಡು ತಿಂದಿದ್ದರು.”

ಸಿರಿಶಾ ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದಳು. ಕಾಶವ್ವ ಗಲ್ಲದ ಮೇಲೆ ಕೈಯಿಟ್ಟಳು.

“ದೇಶ ಇಲ್ಲದ ಮ್ಯಾಲೆ ರಾಷ್ಟ್ರಗೀತಿ ಯಾಕ?”

ಜೆನೋನ್‌ಗೆ ಖುಷಿಯಾಯಿತು. ನಲವತ್ತು ವರ್ಷಗಳಲ್ಲಿ ಯಾರೂ ಅವನಿಗೆ ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

“ಅದೇ ವಿಷಯ, ಪಾನಿ. ನಮ್ಮ ಸೈನಿಕರು ಇಟಲಿಯಲ್ಲಿ ಫ್ರೆಂಚರ ಪರವಾಗಿ ಪರರ ಯುದ್ಧ ಮಾಡುತ್ತಿದ್ದರು. ಅವರಿಗಾಗಿ ಒಬ್ಬ ಹಾಡು ಬರೆದ. ನಾವು ಬದುಕಿರುವ ತನಕ ದೇಶ ಸತ್ತಿಲ್ಲ, ಇಟಲಿಯಿಂದ ನಡೆದು ಮನೆಗೆ ಹೋಗೋಣ, ಅಂತ ಅದರ ಅರ್ಥ.”

“ಹ್ವಾದ್ರೇನು?”

“ಕೆಲವರು. ಹೆಚ್ಚಿನವರು ಇಲ್ಲ. ಎಲ್ಲೆಲ್ಲಿಗೋ ಕಳಿಸಿದರು, ಅಲ್ಲಲ್ಲೇ ಸತ್ತರು.”

“ಮತ್ತ ಹಾಡು?”

“ಹಾಡು ಮುಟ್ಟಿತು.”

ಕಾಶವ್ವ ಸಿರಿಶಾಳ ಕಡೆ ತಿರುಗಿ, “ಇವ್ರಂಗನ, ಮಂದಿ ಯುದ್ಧಕ್ಕ ಇಟ್ಲಿಗಿ ನಮ್ಮಾವ್ರೂ ಹ್ವಾದ್ರು. ನಮ್ಮ ಪಾಂಡ್ಯಾನ ಮುತ್ಯಾ ಹೋಗಿದ್ದ ಅಂತ ಹೇಳವಾ” ಎಂದಳು.

ಇಲ್ಲಿ ಕರ್ನಾಟಕದ ಏಕೀಕರಣ ಇನ್ನೂ ಪೂರ್ತಿಯಾಗಿಲ್ಲ ಎಂಬುದು ಸಾಬೀತಾಯಿತು. ವಿಜಯಪುರದಲ್ಲಿ ಮುತ್ಯಾ ಎಂದರೆ ಅಜ್ಜ. ಬೆಂಗಳೂರಿನ ಸಿರಿಶಾಳಿಗೆ ಅದು ಮುತ್ತಾತನೋ, ಅವನಿಗೂ ಹಿಂದಿನವನೋ ಎಂಬ ಅನುಮಾನ ಬಂತು.

“ಮುತ್ಯಾ ಅಂದ್ರೆ, ಆಂಟಿ, ತುಂಬಾ ಹಳೇ ಕಾಲದವ್ರಾ?”

“ಭಾಳ ಹಳೀ ಮಾತವ್ವ ಅದು. ನಾ ಕಣ್ಣಿಲೆ ನೋಡಿಲ್ಲ.”

“ಅವರ ಪೂರ್ವಜರೊಬ್ಬರು ಬಹಳ ಹಿಂದೆ ಇಟಲಿಯ ಯುದ್ಧದಲ್ಲಿದ್ದರು” ಎಂದು ಸಿರಿಶಾ ಇಂಗ್ಲಿಷಿನಲ್ಲಿ ಹೇಳಿದಳು.

ಜೆನೋನ್ ಎದ್ದು ನಿಂತ. “ಸಂಗೀತಗಾರರೇ?”

“ಹಾಡ್ತಿದ್ರಾ ಆಂಟಿ?”

“ಅಯ್ಯ, ಹಾಡ್ತಿದ್ದನಲ್ಲ! ಊರ ಭಜನಿ ಮ್ಯಾಳದಾಗ ಅಂವನ ಮುಂದ. ನಮ್ಮವ್ವ ಹೇಳ್ತಿದ್ಳು.”

“ಬ್ಯಾಂಡಿನಲ್ಲಿದ್ದರಂತೆ. ಲೀಡ್ ರೋಲ್” ಎಂದಳು ಸಿರಿಶಾ.

“ಹೆಸರು?”

“ನಮ್ಮ ಪಾಂಡ್ಯಾನ ಹೆಸರ ಅವಂದು. ಮುತ್ಯಾನ ಹೆಸರ ಮಮ್ಮಗಗ ಇಟ್ಟೀವಿ.”

“ಸೇಮ್ ನೇಮ್” ಎಂದಳು ಸಿರಿಶಾ.

ಜೆನೋನ್ ಕುರ್ಚಿಯಲ್ಲಿ ಕುಸಿದ. ಅವನ ಫೈಲಿನಲ್ಲಿ ಒಂದು ಹಳೆಯ ಪಟ್ಟಿಯ ನಕಲಿತ್ತು. ಆ ಹಾಡನ್ನು ಮೊದಲ ಸಲ ನುಡಿಸಿದ ಸೈನ್ಯದ ವಾದ್ಯಗಾರರ ಹೆಸರುಗಳು ಎಂದು ಅವನ ನಂಬಿಕೆ. ಅದರಲ್ಲಿ ಒಬ್ಬ ಡೋಲು ಬಾರಿಸುವವನ ಹೆಸರಿನ ಮೇಲೆ ಶಾಯಿ ಚೆಲ್ಲಿತ್ತು. ಮೊದಲಿಗೆ ಒಂದು ‘ಡ’, ಕೊನೆಗೆ ಒಂದು ‘ಗ’, ಅಷ್ಟೇ ಉಳಿದಿತ್ತು. ನಲವತ್ತು ವರ್ಷ ಅವನು ಆ ಶಾಯಿಯನ್ನು ನೋಡುತ್ತ ಕೂತಿದ್ದ. ಡೋಲಿನವನ ವಂಶ ಗ್ರೀನ್‌ಫರ್ಡ್‌ನಲ್ಲಿ ಹಿತ್ತಾಳೆಯ ಫಲಕ ಹಾಕಿಕೊಂಡು ಬದುಕಿತ್ತು.

ಪಾಂಡುರಂಗ ಗೋದಾಮಿನಿಂದ ಬಂದಾಗ ಅಪರಿಚಿತ ಮುದುಕನೊಬ್ಬ ಅವನನ್ನು ತಬ್ಬಿ ಎರಡೂ ಕೆನ್ನೆಗೆ, ಆಮೇಲೆ ಮತ್ತೆ ಮೊದಲ ಕೆನ್ನೆಗೆ ಮುತ್ತು ಕೊಟ್ಟ. ಸಿರಿಶಾ ವಿಷಯವನ್ನು ಸಂಗ್ರಹವಾಗಿ ವಿವರಿಸಿದಳು. ಪಾಂಡುರಂಗ ಬಾಯಿ ತೆರೆದ. ‘ಇಲ್ಲ, ಇದು ತಪ್ಪು ತಿಳುವಳಿಕೆ’ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು.

“ಇಟಲಿಯಲ್ಲಿ ಪೋಲಿಷರು ಬರೆದಿಟ್ಟ ಎಲ್ಲ ದಾಖಲೆಗಳ ಡಬ್ಬಿಗಳನ್ನೂ ತೆಗೆಸುತ್ತೇನೆ” ಎಂದ ಜೆನೋನ್. “ಪಾನ್ ಡುರಂಗ್ ಎಂಬ ಹೆಸರು ಎಲ್ಲಿದ್ದರೂ ಹುಡುಕುತ್ತೇನೆ. ಯಾವ ಊರಿನಲ್ಲಿದ್ದ, ಯಾವ ದಿನ ಏನಾದ, ಎಲ್ಲ.”

ಯಾವ ಊರು, ಯಾವ ದಿನ. ಪಾಂಡುರಂಗ ತಾಯಿಯ ಮುಖ ನೋಡಿದ. ಬಾಯಿ ಮುಚ್ಚಿದ.

“ನವೆಂಬರಿನಲ್ಲಿ ನಮ್ಮ ಸ್ವಾತಂತ್ರ್ಯ ದಿನ. ಹಾಡು ಶುರುವಾಗುವಾಗ ನೀವೆಲ್ಲ ವೇದಿಕೆಯ ಮೇಲೆ ನಿಲ್ಲಬೇಕು” ಎಂದು ಹೇಳಿ ಜೆನೋನ್ ಹೊರಟ. ಬಾಗಿಲಲ್ಲಿ ಕಾಶವ್ವ ಇನ್ನೊಂದು ಲೋಟ ಹಿಡಿದು ನಿಂತಿದ್ದಳು. ಅವನು ಅದನ್ನೂ ಕುಡಿದ.

ಸಂಜೆ ಸುವರ್ಣಾಳಿಗೆ ವಿಷಯ ತಿಳಿಯಿತು.

“ಪಾಪ, ಆ ಮುದುಕಗ ನಿಜಾ ಹೇಳ್ರಿ.”

“ಹೇಳಿದ್ರ ಅಂವ ಯಾಕ ಹುಡುಕ್ತಾನ? ಯಾರದೋ ಮುತ್ಯಾನ್ನ?”

“ಅಂವ ಹುಡುಕೂದು ಇನ್ನೂರು ವರ್ಷದ ಹಿಂದಿಂದು ರೀ. ಟಿಪ್ಪು ಸುಲ್ತಾನ ಇದ್ನಲ್ಲ, ಆ ಕಾಲದ್ದು. ಅದರಾಗ ನಿಮ್ಮ ಮುತ್ಯಾ ಹ್ಯಾಂಗ ಸಿಗ್ತಾನ?”

ಪಾಂಡುರಂಗ ಸ್ವಲ್ಪ ಯೋಚಿಸಿ, “ಡಬ್ಬಿ ತಗಿಯಾಕ ಹತ್ಯಾನಲ್ಲ, ತಗೀಲಿ” ಎಂದ.

ಅಷ್ಟರಲ್ಲಿ ಸಿರಿಶಾ ವಿಷಯವನ್ನು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ‘ನಮ್ಮ ಬಿಲ್ಡಿಂಗಿನ ಪಾಂಡುರಂಗ ಅಂಕಲ್ ಫ್ಯಾಮಿಲಿಗೂ ಪೋಲೆಂಡ್ ರಾಷ್ಟ್ರಗೀತೆಗೂ ಸಂಬಂಧ ಇದೆಯಂತೆ, ಸೋ ಪ್ರೌಡ್’ ಎಂಬುದು ಅವಳ ಸಂದೇಶ. ಮಧ್ಯಾಹ್ನ ನಾಲ್ಕಕ್ಕೆ ಅದು ಕಿಂಗ್ಸ್‌ಬರಿ ತಲುಪಿತು. ಅಲ್ಲಿ ಬಳಗದ ಅಧ್ಯಕ್ಷ ಶಿವಪ್ರಕಾಶರು ಅದಕ್ಕೆ ಒಂದು ಧ್ವಜ ಮತ್ತು ಮೂರು ಕೈಮುಗಿದ ಚಿತ್ರ ಸೇರಿಸಿದರು. ಐದೂವರೆಗೆ ಸಟನ್‌ನಲ್ಲಿ ಅದು ‘ಪೋಲೆಂಡ್ ರಾಷ್ಟ್ರಗೀತೆಗೆ ಸಂಗೀತ ನೀಡಿದ ಕನ್ನಡಿಗ’ ಆಗಿತ್ತು. ಆರಕ್ಕೆ ಯಾರೋ ಆ ಧಾಟಿ ಮೂಲತಃ ವಿಜಯಪುರದ ಡೊಳ್ಳಿನದೆಂದು ತಾಳ ಹಾಕಿ ತೋರಿಸಿದ ಧ್ವನಿಮುದ್ರಣ ಕಳಿಸಿದರು. ಏಳಕ್ಕೆ ಶಿವಪ್ರಕಾಶರೇ ಫೋನು ಮಾಡಿದರು.

“ಪಾಂಡುರಂಗ ಅವರೇ, ಇಷ್ಟು ದಿನ ಹೇಳಲೇ ಇಲ್ಲವಲ್ಲ ನೀವು! ಎಂಥಾ ವಿನಯ! ಒಂದು ಸನ್ಮಾನ ಇಟ್ಕೊಂಡ್‌ಬಿಡೋಣ. ಶಾಲಿನ ಬಣ್ಣ ಯಾವುದು ಬೇಕು ಹೇಳಿ.”

“ಸರ, ಅದು ಹಂಗಲ್ರಿ…”

“ಕೆಂಪೇ ಇರಲಿ. ಪೋಲೆಂಡ್ ಬಾವುಟದಲ್ಲೂ ಕೆಂಪಿದೆ.”

ಸಿರಿಶಾ ಆಗಲೇ ವಂಶವೃಕ್ಷದ ಸ್ಲೈಡು ಶುರು ಮಾಡಿದ್ದಳು. ಮೇಲೆ 1797ರ ಡೋಲಿನವನು. ಕೆಳಗೆ ಪಾಂಡುರಂಗ. ನಡುವಿನ ಏಳು ತಲೆಮಾರಿಗೆ ಚುಕ್ಕಿ ಗೆರೆ ಎಳೆದು ‘ಕೆಲಸ ಪ್ರಗತಿಯಲ್ಲಿದೆ’ ಎಂದು ಬರೆದಿದ್ದಳು.

ಅಕ್ಟೋಬರ್ ಮುಗಿಯುತ್ತ ಬಂತು. ಜೆನೋನ್‌ನನ್ನು ಜೇನಪ್ಪ ಮಾಡಿಕೊಂಡಿದ್ದ ಕಾಶವ್ವ ದಿನಾ ಬೆಳಿಗ್ಗೆ ಕೇಳುತ್ತಿದ್ದಳು, “ಜೇನಪ್ಪನ ಫೋನ್ ಬಂತೇನು?” ಬಂದಿರಲಿಲ್ಲ. ವಿಮಾನಕ್ಕೆ ಎರಡು ವಾರ ಉಳಿದವು. ಪಾಂಡುರಂಗನಿಗೆ ಕೊನೆಗೂ ಹೆಂಡತಿಯ ಮಾತು ತಲೆಗೆ ಹತ್ತಿತು. ತಪ್ಪು ಶತಮಾನದ ಡಬ್ಬಿಯಲ್ಲಿ ಎಷ್ಟು ಹುಡುಕಿದರೂ ಸರಿಯಾದ ಮನುಷ್ಯ ಸಿಗುವುದಿಲ್ಲ. ನಿಜ ಹೇಳಿದರೆ ಮುದುಕ ಬೇಕಾದರೆ ಬೈಯಲಿ. ಒಂದು ವೇಳೆ ಕನಿಕರವಾದರೆ ಸರಿಯಾದ ಡಬ್ಬಿ ತೆಗೆಸಬಹುದು. ಅವನು ಕ್ಲಬ್ಬಿಗೆ ಹೋದ. ಜೆನೋನ್ ಒಬ್ಬನೇ ಕುರ್ಚಿ ಎಣಿಸುತ್ತಿದ್ದ.

“ಪಾನ್ ಜೆನೋನ್, ಒಂದು ನಿಜ ಹೇಳಬೇಕು. ನಾನು ಪಾನ್ ಡುರಂಗ್ ಅಲ್ಲ.”

“ಮತ್ತೆ ಯಾರು?”

“ಪಾಂಡುರಂಗ್.”

“ನಾನೂ ಅದನ್ನೇ ಅಂದೆ.”

“ಅಲ್ಲ. ನೀವು ಅಂದದ್ದು ಪಾನ್ ಡುರಂಗ್. ನಾನು ಅನ್ನುತ್ತಿರುವುದು ಪಾಂಡುರಂಗ್.”

ಜೆನೋನ್ ಕಿವಿಯ ಯಂತ್ರ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಇನ್ನೊಮ್ಮೆ.”

“ಪಾಂ-ಡುರಂಗ್.”

“ಪಾನ್… ಡುರಂಗ್.”

“ನಡುವೆ ಜಾಗ ಇಲ್ಲ! ಜಾಗ ಇಲ್ಲದೆ ಹೇಳಿ!”

ಮುದುಕನ ಕಣ್ಣು ತುಂಬಿ ಬಂತು. “ಅರ್ಥವಾಯಿತು. ನನ್ನ ನಿಮ್ಮ ನಡುವೆ ಜಾಗ ಬೇಡ ಅನ್ನುತ್ತೀರಿ. ಶ್ರೀಯುತ ಎಂಬ ದೊಡ್ಡ ಮಾತು ಬೇಡ ಅನ್ನುತ್ತೀರಿ. ಸರಿ. ಇನ್ನು ಮೇಲೆ ನಾನು ಬರೀ ಜೆನೋನ್, ನೀನು ಬರೀ ಡುರಂಗ್.”

ಹೀಗೆ ಗೆಳೆತನ ಏಕವಚನಕ್ಕೆ ಇಳಿದಾಗ ಪೋಲಿಷರಲ್ಲಿ ಒಂದು ಪದ್ಧತಿ ಇದೆ. ಇಬ್ಬರೂ ಲೋಟ ಹಿಡಿದು, ಒಬ್ಬರ ತೋಳಿನೊಳಗೆ ಇನ್ನೊಬ್ಬರು ತೋಳು ಕೊಕ್ಕೆ ಹಾಕಿ ಕುಡಿಯಬೇಕು. ತಪ್ಪೊಪ್ಪಿಕೊಳ್ಳಲು ಹೋದ ಪಾಂಡುರಂಗ ಮುಕ್ಕಾಲು ಗಂಟೆಯ ಬಳಿಕ ಜೆನೋನ್‌ನ ಸಹೋದರನಾಗಿ ಮನೆಗೆ ಬಂದ.

“ಹೇಳಿದ್ರಿ?” ಸುವರ್ಣಾ ಕೇಳಿದಳು.

“ಹೇಳಿದೆ.”

“ಏನಂದ?”

ಪಾಂಡುರಂಗ ಸೋಫಾದ ಮೇಲೆ ಉದ್ದಕ್ಕೆ ಮಲಗಿದ. ಉತ್ತರದ ಬದಲು ಗೊರಕೆ ಬಂತು.

ನವೆಂಬರಿನ ಎರಡನೆಯ ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಕ್ಲಬ್ಬಿನ ಹಾಲಿನಲ್ಲಿ ನೂರೈವತ್ತು ಕುರ್ಚಿ ತುಂಬಿದ್ದವು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಕಾಶವ್ವ; ಅವಳ ಪಕ್ಕ ಲ್ಯಾಪ್‌ಟಾಪ್ ಹಿಡಿದ ಸಿರಿಶಾ; ಅವಳ ಪಕ್ಕ ಕೆಂಪು ಶಾಲು ಮಡಿಲಲ್ಲಿಟ್ಟುಕೊಂಡ ಶಿವಪ್ರಕಾಶರು. ಸುವರ್ಣಾ ಬಾಗಿಲ ಹತ್ತಿರದ ಕುರ್ಚಿ ಆರಿಸಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಶುಕ್ರವಾರ ಕಾಶವ್ವನ ವಿಮಾನ.

ವೇದಿಕೆಯ ಮೇಲೆ, ಕಹಳೆ ಹಿಡಿದು ಕೂತ ವಾದ್ಯದವರ ಮುಂದೆ, ಪಾಂಡುರಂಗ ನೆಟ್ಟ ಕಂಬದಂತೆ ನಿಂತಿದ್ದ. ಜೆನೋನ್ ಮೈಕಿನ ಮುಂದೆ ಬಂದ. ಕೈಯಲ್ಲಿ ಎರಡು ಹಾಳೆ. ಅವನ ಮುಖದಲ್ಲಿ ಸಂತೋಷಕ್ಕಿಂತ ಗೊಂದಲ ಹೆಚ್ಚಿತ್ತು.

“ಗೆಳೆಯರೇ, ಡುರಂಗ್ ಸಿಕ್ಕಿದ್ದಾನೆ” ಎಂದ. ಚಪ್ಪಾಳೆ. “ಆದರೆ 1797ರಲ್ಲಲ್ಲ. ಅಲ್ಲಿ ಅವನು ಇಲ್ಲ. ಸಿಕ್ಕಿದ್ದು ಎರಡನೆಯ ಮಹಾಯುದ್ಧದಲ್ಲಿ, ಇಟಲಿಯಲ್ಲಿದ್ದ ನಮ್ಮ ಸೈನ್ಯದ ಒಂದು ಆಸ್ಪತ್ರೆಯ ದಾಖಲೆಯಲ್ಲಿ. ವಂಶ ನೂರೈವತ್ತು ವರ್ಷ ಇಟಲಿಯಲ್ಲೇ ಉಳಿದಿತ್ತು ಅಂತ ಕಾಣುತ್ತದೆ. ಓದುತ್ತೇನೆ. ‘ಡುರಂಗ್, ಪಾನ್. ಜ್ವರ, ಎದೆಯಲ್ಲಿ ಕಫ. ಸೇರಿದ್ದು 1944 ಡಿಸೆಂಬರ್ 19.’ ಒಂದು ಶಬ್ದ ಮಾತ್ರ ನನಗೆ ಅರ್ಥವಾಗಲಿಲ್ಲ. ಊರು ಎಂಬ ಕಡೆ ನರ್ಸು ‘ಹಿಂದುಸ್’ ಅಂತ ಬರೆದಿದ್ದಾಳೆ. ನಮ್ಮ ಭಾಷೆಯಲ್ಲಿ ಹಾಗೆಂದರೆ ಭಾರತದವನು.”

ಪಾಂಡುರಂಗನ ಕಾಲುಗಳು ಅವನನ್ನು ಕೇಳದೆ ಮೈಕಿನ ಹತ್ತಿರ ನಡೆದವು.

“ಅವನು ನನ್ನ ಅಜ್ಜ” ಎಂದ. “ಪಾನ್ ಡುರಂಗ್ ಅಲ್ಲ. ಪಾಂಡುರಂಗ, ಒಂದೇ ಶಬ್ದ. ನಿಮ್ಮ ನರ್ಸು ಬಿಡಿಸಿ ಬರೆದಳು. ನನ್ನ ಫಲಕದವನೂ ಬಿಡಿಸಿ ಬರೆದ. ನಮ್ಮ ವಂಶದಲ್ಲಿ ಡೋಲಿನವರು ಯಾರೂ ಇಲ್ಲ, ಜೆನೋನ್. ನಾವು ವಿಜಯಪುರ ಜಿಲ್ಲೆಯವರು. ಅಜ್ಜ ಬ್ರಿಟಿಷರ ಪಲ್ಟನ್ನಿನಲ್ಲಿ ನಿಮ್ಮವರ ಜೊತೆಗೇ ಇಟಲಿಯಲ್ಲಿದ್ದ. ಎರಡು ತಿಂಗಳಿಂದ ಹೇಳಬೇಕು ಅಂತಿದ್ದೆ. ಹೇಳಿದರೆ ನೀನು ಹುಡುಕುವುದು ಬಿಡುತ್ತೀಯ ಅಂತ ಹೇಳಲಿಲ್ಲ.”

ಶಿವಪ್ರಕಾಶರು ಶಾಲನ್ನು ನಿಧಾನವಾಗಿ ಚೀಲಕ್ಕೆ ಸೇರಿಸಿದರು. ಸಿರಿಶಾ ಲ್ಯಾಪ್‌ಟಾಪ್ ಮುಚ್ಚಿದಳು. ಸುವರ್ಣಾ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಳು. ಜೆನೋನ್ ಕನ್ನಡಕ ತೆಗೆದ. ನಲವತ್ತು ವರ್ಷದ ಡೋಲಿನವನು ಮತ್ತೆ ಶಾಯಿಯ ಕೆಳಗೆ ಹೋಗಿ ಕೂತಿದ್ದ.

“ಏನಂತ?” ಮುಂದಿನ ಸಾಲಿನಿಂದ ಕಾಶವ್ವನ ದನಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿತು. “ಏ ಪಾಂಡ್ಯಾ! ನಮ್ಮಪ್ಪನ ಹೆಸರ ತಗದ್ರಲ್ಲ! ಯಾರರ ನನಗ ಹೇಳ್ರೆಪಾ ಏನಂತ!”

ಸಿರಿಶಾ ಅವಳ ಕಡೆ ಬಾಗಿದಳು. ಈ ಸಲ ಮೊದಲು ಪ್ರಶ್ನೆ ಕೇಳಿದಳು. “ಆಂಟಿ, ಮುತ್ಯಾ ಅಂದ್ರೆ ನಿಮ್ಮ ಸ್ವಂತ ಅಪ್ಪಾನಾ?”

“ಮತ್ತ್ಯಾರ?”

“ಅಯ್ಯೋ ದೇವ್ರೇ” ಎಂದಳು ಸಿರಿಶಾ. ಆಮೇಲೆ ಎಲ್ಲವನ್ನೂ ಸರಿಯಾಗಿ ಹೇಳಿದಳು.

ಕಾಶವ್ವ ಎದ್ದು ವೇದಿಕೆಯ ಅಂಚಿಗೆ ಬಂದಳು. ಜೆನೋನ್ ಕೆಳಗಿಳಿದು ಬಂದ. ಸಿರಿಶಾ ನಡುವೆ ನಿಂತಳು. ನೂರೈವತ್ತು ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ಯಾವೂರು?”

“ಅಂಕೋನಾ” ಎಂದ ಜೆನೋನ್.

“ಅಂಕೋಲಾ?” ಕಾಶವ್ವನಿಗೆ ಸಿಟ್ಟು ಬಂತು. “ಕಾರವಾರದ ಹಂತ್ಯಾಕಿನ ಅಂಕೋಲಾ? ಎಂಬತ್ತು ವರ್ಷ ಇಟ್ಲಿ ಇಟ್ಲಿ ಅಂತ ಕುಂತೀವಲ್ಲೋ! ಹುಬ್ಬಳ್ಳಿಯಿಂದ ಬಸ್ ಐತಿ ಅದಕ್ಕ!”

“ಅಂಕೋ-ನಾ, ಆಂಟಿ. ಇಟಲೀದೇ. ಅದೂ ಸಮುದ್ರದ ಹತ್ರಾನೇ.”

“ಅಂವನ ಅಂತ ಏನ್ ಖಾತ್ರಿ?”

ಜೆನೋನ್ ಹಾಳೆ ನೋಡಿದ. “ಕೊರಳಲ್ಲಿ ಮರದ ಮಣಿಯ ಸರ, ತೆಗೆಯಲು ಬಿಡುವುದಿಲ್ಲ. ಮಾಂಸ ಮುಟ್ಟುವುದಿಲ್ಲ. ಬ್ರೆಡ್ಡು, ಆಲೂಗಡ್ಡೆ, ಹಾಲು.”

“ತುಳಸಿ ಮಾಲಿ” ಎಂದಳು ಕಾಶವ್ವ. “ಪಂಢರಪುರಕ್ಕ ನಡಕೋತ ಹೋಗಾಂವ. ಅಂವನ.” ಅವಳ ದನಿ ಇಳಿದಿತ್ತು. “ತಾರೀಖು?”

“1945 ಜನವರಿ 16. ಬಿಡುಗಡೆ. ‘ತನ್ನ ಕಾಲ ಮೇಲೆ ನಡೆದು ಹೋದ, ಲಾರಿಯಲ್ಲಿ ಉತ್ತರಕ್ಕೆ ಕಳಿಸಲಾಯಿತು.’ ಅದರ ಮುಂದೆ ಅವನ ಹೆಸರು ಇಲ್ಲಿಲ್ಲ, ಪಾನಿ.”

ಜನವರಿ ಹದಿನಾರು. ಕಾಶವ್ವ ಬೆರಳು ಮಡಚಿ ಲೆಕ್ಕ ಹಾಕಿದಳು.

“ಸಂಕ್ರಮಣ ಆಗಿ ಎರಡ ದಿನ” ಎಂದಳು. “ತಂತಿ ಬಂದಿದ್ದು ನಾಗರಪಂಚಮಿಗಿ. ಆವತ್ತ ನಮ್ಮವ್ವನ ಬಳಿ ಒಡದ್ರು. ಆ ಸಂಕ್ರಮಣಕ್ಕ ಆಕಿನ್ನ ಯಾರೂ ಅರಿಷಿಣ ಕುಂಕುಮಕ್ಕ ಕರದಿಲ್ಲ. ಅಂವ ಅಲ್ಲಿ ಆಲೂಗಡ್ಡಿ ತಿನ್ನಾಕತ್ತಿದ್ದ.”

ಸಿರಿಶಾ ಇದನ್ನು ಇಂಗ್ಲಿಷಿಗೆ ಮಾಡಲು ಹೋಗಿ ನಿಲ್ಲಿಸಿದಳು. ಮೂರನೆಯ ಸಾಲಿನ ಪೋಲಿಷ್ ಮುದುಕಿಯೊಬ್ಬಳು ಯಾರೂ ಹೇಳದೆಯೇ ಎದ್ದು ಬಂದು ಕಾಶವ್ವನಿಗೆ ಕುರ್ಚಿ ಹಾಕಿದಳು.

“ಸತ್ತ ತಾರೀಖು ಸಿಗಲಿಲ್ಲವ್ವಾ” ಎಂದ ಪಾಂಡುರಂಗ. ಅವನೂ ಕೆಳಗೆ ಬಂದಿದ್ದ.

“ಇರ್ಲಿ ಬಿಡು. ಆ ಹಾಳ್ಯಾಗ ಇನ್ನೂ ಬರದೈತಲ್ಲ, ಕೆಳಗ. ಅದನ್ನ ಓದಸು.”

ಜೆನೋನ್ ಹಿಂಜರಿದ. “ಅದು ಮುಖ್ಯವಲ್ಲ. ವಾರ್ಡಿನ ದಿನಚರಿ. ಪಕ್ಕದ ಹಾಸಿಗೆಯ ನಮ್ಮ ಸೈನಿಕನೊಬ್ಬನ ದೂರುಗಳು.”

“ಓದಂತ ಹೇಳು.”

“‘ಜನವರಿ 3. ಹಾಸಿಗೆ ಹನ್ನೆರಡರವನ ದೂರು: ಪಕ್ಕದ ಹಿಂದುಸ್ ಬೆಳಿಗ್ಗೆ ಐದಕ್ಕೆ ಎದ್ದು ದನಿ ಎತ್ತಿ ಹಾಡುತ್ತಾನೆ. ಚಪ್ಪಾಳೆ ಕೂಡ ತಟ್ಟುತ್ತಾನೆ.’”

“ದೂರು ಕೊಟ್ಟಾವ ಯಾಂವ?” ಕಾಶವ್ವ ಕುರ್ಚಿಯಿಂದ ಅರ್ಧ ಎದ್ದಳು. “ಹೆಸರ ಹೇಳ್ರಿ ಅವಂದು! ಭಜನಿಗಿ ದೂರು ಕೊಡ್ತಾನ?”

ಹಾಲಿನಲ್ಲಿ ಯಾರೋ ನಕ್ಕರು. ಜೆನೋನ್ ಕೂಡ ತುಟಿ ಕಚ್ಚಿಕೊಂಡ. “‘ಜನವರಿ 9. ಅದೇ ಹಾಸಿಗೆಯವನ ದೂರು: ಈಗ ವಾರ್ಡಿನ ಇನ್ನೂ ನಾಲ್ವರು ಚಪ್ಪಾಳೆ ತಟ್ಟುತ್ತಿದ್ದಾರೆ.’”

ಈಗ ಎಲ್ಲರೂ ನಕ್ಕರು. ಕಾಶವ್ವ ನಗಲಿಲ್ಲ. ಕಣ್ಣರಳಿಸಿ ಕೇಳುತ್ತಿದ್ದಳು.

“ಕೊನೆಯದು” ಎಂದು ಜೆನೋನ್ ಹಾಳೆಯನ್ನು ಕಣ್ಣಿನ ಹತ್ತಿರ ತಂದ. “‘ಜನವರಿ 18. ಹಾಸಿಗೆ ಹನ್ನೆರಡರವನ ದೂರು: ಎರಡು ದಿನದಿಂದ ವಾರ್ಡು ತೀರಾ ಸುಮ್ಮನಿದೆ. ಐದಕ್ಕೇ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಬರುವುದಿಲ್ಲ.’”

ಸಿರಿಶಾ ಅದನ್ನು ಒಂದೊಂದೇ ಶಬ್ದವಾಗಿ ಹೇಳಿದಳು. ಕಾಶವ್ವ ಕೇಳಿಸಿಕೊಂಡಳು. ಸೆರಗಿನಿಂದ ಮೂಗು ಒರೆಸಿಕೊಂಡು, ಹಾಳೆಯ ಆ ಸಾಲಿನ ಮೇಲೆ ತನ್ನ ಬೆರಳಿಟ್ಟಳು.

“ಇದನ್ನ ಇನ್ನೊಮ್ಮೆ ಓದಂತ ಹೇಳು” ಎಂದಳು.

ಜೆನೋನ್ ಓದಿದ. ಅವಳು ಬೆರಳು ತೆಗೆಯಲಿಲ್ಲ. ಅವನು ಮತ್ತೆ ಓದಿದ. ವಾದ್ಯದವರು ಎತ್ತಿದ ಕಹಳೆಗಳನ್ನು ಮೊಣಕಾಲ ಮೇಲೆ ಇಳಿಸಿಕೊಂಡು ಕಾದರು. ಪೋಲೆಂಡಿನ ರಾಷ್ಟ್ರಗೀತೆ ಆ ಭಾನುವಾರ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು. ಯಾರೂ ದೂರು ಕೊಡಲಿಲ್ಲ.